ಯಾವ ಬಟನ್ನು?

ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಮಾನಿಟರ್ ಆಫ್ ಮಾಡಿದರು. ಮೌಸ್ ಕಿತ್ತುಕೊಂಡು ಹೆಡ್‌ಫೋನ್ ಕೊಟ್ಟರು. ಪರದೆಯ ಮೇಲಿರೋದನ್ನು ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಓದಿದ್ದನ್ನು ಕೇಳಿಸಿಕೊಂಡು, ನಾವೇ ಮಾಡಿದ ಫಾರ್ಮ್ ತುಂಬಬೇಕು. ಟ್ಯಾಬ್ ಒತ್ತಿದೆ. "ಬಟನ್" ಅಂತು. ಮತ್ತೆ ಒತ್ತಿದೆ. "ಬಟನ್." ಯಾವ ಬಟನ್ನು? ಕಳಿಸೋದಾ, ಅಳಿಸೋದಾ? ಚಂದದ ಐಕಾನ್ ಹಾಕಿದವರು ಅದಕ್ಕೊಂದು ಹೆಸರು ಬರೆದಿರಲಿಲ್ಲ. ಹತ್ತು ನಿಮಿಷಕ್ಕೆ ಸಾಕು ಸಾಕಾಯಿತು.

ಇಲ್ಲಿ ಈ ಪರೀಕ್ಷೆ ಸೈಟ್ ಬಿಡುಗಡೆಗೆ ಮೊದಲೇ ನಡೆಯುತ್ತದೆ. ಬರೀ ಒಳ್ಳೆಯತನ ಅಂದುಕೊಳ್ಳಬೇಡಿ, ಕಾನೂನಿನ ಭಯವೂ ಇದೆ. 2025ರ ಜೂನ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಮಾರಾಟ, ಬ್ಯಾಂಕ್, ಇ-ಬುಕ್ ಎಲ್ಲವೂ ಅಂಗವಿಕಲರು ಬಳಸುವಂತಿರಬೇಕು. ತೀರಾ ಸಣ್ಣ ಸಂಸ್ಥೆಗಳಿಗೆ ರಿಯಾಯಿತಿ ಇದೆ. ಭಾರತದಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಆದರೂ ಆಸಿಡ್ ದಾಳಿಗೆ ಸಿಕ್ಕವರು ಬ್ಯಾಂಕಿನಂಥ ಕಡೆ ಗುರುತು ಖಚಿತಪಡಿಸುವ ಆನ್‌ಲೈನ್ ಕೆವೈಸಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪು. ಆದರೆ ಕಣ್ಣು ಮಿಟುಕಿಸಲಾಗದವರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಕೋರ್ಟಿನ ಮೆಟ್ಟಿಲೇ ಬೇಕಿರಲಿಲ್ಲ, ಅಲ್ವಾ?

ಎರಡೂ ಕಡೆ ಅಳತೆಗೋಲು ಮಾತ್ರ ಒಂದೇ. ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತೆ ಮಾಡೋದು ಹೇಗೆ ಅಂತ ಬೇರೆ ಬೇರೆ ದೇಶದವರು ಕೂತು ಬರೆದ ಡಬ್ಲ್ಯುಸಿಎಜಿ ನಿಯಮಗಳು ಅವು. 1999ರಲ್ಲಿ ಮೊದಲು ಬಂದವು, 2023ರಲ್ಲಿ 2.2 ಆವೃತ್ತಿ ಬಂತು. ನಾನು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಶುರು ಮಾಡಿದ್ದು ಆಸ್ಟ್ರೇಲಿಯಾದ ಇಬ್ಬರು ಅಂಧರು. ಅದು ಉಚಿತ. ಜೊತೆಗೆ ಬರುವ, ಅಕ್ಷರವನ್ನು ದನಿಯಾಗಿಸುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋ ಥರ, ಇರಲಿ.

ಇಷ್ಟನ್ನು ಹೊರಗಿನವರು ಮಾಡಿಕೊಟ್ಟಿದ್ದಾರೆ. ಮಿಕ್ಕಿದ್ದು ನಮ್ಮ ಕೆಲಸ. ಕನ್ನಡ ಪುಟದ ಕೋಡಿನಲ್ಲಿ ಇದು ಕನ್ನಡ ಅಂತ ಒಂದು ಗುರುತು ಹಾಕದಿದ್ದರೆ ಇಂಗ್ಲಿಷ್ ದನಿಯೇ ಓದಲು ಹೊರಡುತ್ತದೆ. ಯೂನಿಕೋಡ್ ಅಲ್ಲದ ಹಳೇ ಫಾಂಟ್ ಆದರೆ ಮುಗಿದೇ ಹೋಯ್ತು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದೂ ಇಲ್ಲ, ಬರೀ ಮೌನ. ಫೋಟೋದ ವಿವರವನ್ನು ಕನ್ನಡದಲ್ಲಿ ಬರೆಯೋದಕ್ಕೂ ಯುರೋಪಿನಿಂದ ಯಾರೂ ಬರೋದಿಲ್ಲ.

ಒಂದು ಕನ್ನಡ ಸೈಟಿನವರಿಗೆ ಇದನ್ನೆಲ್ಲ ಬರೆದು ಕಳಿಸಿದೆ. "ನಮ್ಮ ಸೈಟಿಗೆ ಕಣ್ಣು ಕಾಣದವರು ಯಾರೂ ಬರಲ್ಲ ಸಾರ್" ಅಂತ ಉತ್ತರ ಬಂತು.

ಹೇಗೆ ಬಂದಾರು?