ಲಿನೇರಿಯಕ್ಕೆ ಒಟ್ಟಲೂ ಬೇಡ, ಗೊಬ್ಬರವೂ ಬೇಡ

ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ನಾನು ತೋಟಗಾರಿಕೆಯಲ್ಲಿ ಬಿಟ್ಟುಕೊಟ್ಟ ಮೊದಲ ಅಭ್ಯಾಸವೆಂದರೆ ಸಸಿ ಎಬ್ಬಿಸಿ ನಾಟಿ ಮಾಡುವುದು, ಅದನ್ನು ಬಿಡಿಸಿದ್ದು ಟೋಡ್‌ಫ್ಲ್ಯಾಕ್ಸ್ ಎಂಬ ಸಣ್ಣ ಹೂಗಿಡ. ಬೀಜದ ಪೊಟ್ಟಣಗಳ ಮೇಲೆ ಲಿನೇರಿಯ ಎಂದೂ ಬರೆದಿರುವ ಇದರ ಬಣ್ಣಬಣ್ಣದ ತಳಿಗಳು ಮೊರಾಕ್ಕೊ ಮೂಲದ ಲಿನೇರಿಯ ಮರೊಕ್ಕಾನ ಎಂಬ ಏಕವಾರ್ಷಿಕ ಗಿಡದಿಂದ ಬಂದವು. ಗೇಣೆತ್ತರಕ್ಕೆ ನಿಲ್ಲುವ ಕುಳ್ಳು ‘ಫೇರಿ ಬೊಕೆ’ಯೂ ಅದಕ್ಕಿಂತ ಎತ್ತರದ ‘ನಾರ್ದರ್ನ್ ಲೈಟ್ಸ್’ ಕೂಡ ಇಲ್ಲಿ ಸುಲಭವಾಗಿ ಸಿಗುತ್ತವೆ.

ನಮ್ಮಲ್ಲಿ ರಾಗಿಯಿಂದ ಚೆಂಡುಹೂವಿನವರೆಗೆ ಒಟ್ಟಲು (ಸಸಿಮಡಿ) ಹಾಕಿ, ಸಸಿ ಕಿತ್ತು ನೆಡುವುದು ರೂಢಿ. ಪಟ್ಟಣದಲ್ಲಾದರೆ ನರ್ಸರಿಯಿಂದ ಹೂ ಬಿಟ್ಟ ಕುಂಡವನ್ನೇ ತರುತ್ತೇವೆ. ಇಲ್ಲಿನವರು ಮಾರ್ಚ್‌ನಿಂದ ಮೇವರೆಗೆ, ಹೂ ಬಿಡಬೇಕಾದ ಜಾಗಕ್ಕೇ ಬೀಜ ಚೆಲ್ಲುತ್ತಾರೆ. ಬೇರು ಕದಲಿಸುವುದನ್ನು ಲಿನೇರಿಯ ಸಹಿಸದ ಕಾರಣ ಈ ವಿಷಯದಲ್ಲಿ ನಾನು ಇವರ ಪಕ್ಷ. ಬೀಜವಂತೂ ನಶ್ಯದ ಪುಡಿಯಷ್ಟು ನುಣುಪು. ದಂಟಿನ ಬೀಜಕ್ಕೆ ಒಣ ಮರಳು ಬೆರೆಸಿ ಚೆಲ್ಲುವ ನಮ್ಮ ಹಿತ್ತಲಿನ ಉಪಾಯ ಇಲ್ಲಿಯೂ ಒಪ್ಪುತ್ತದೆ. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಮೆಲ್ಲಗೆ ಒತ್ತಿ, ತುಂತುರಿನಂತೆ ನೀರು ಹಾಕಿದರೆ ಸಾಕು. ನೆಲ ತಂಪಾಗಿದ್ದರೆ ಎರಡು ವಾರದೊಳಗೆ ಕೂದಲೆಳೆಯಂಥ ಮೊಳಕೆಗಳು ಒತ್ತೊತ್ತಾಗಿ ಏಳುತ್ತವೆ.

ಕಷ್ಟವಿರುವುದು ಅನಂತರದ ಕೆಲಸದಲ್ಲಿ. ಗೇಣಿನೊಳಗೆ ಒಂದು ಗಿಡ ಉಳಿಯುವಂತೆ ಮಿಕ್ಕವನ್ನೆಲ್ಲ ಕೀಳಬೇಕು. ದಂಟಾದರೆ ಕಿತ್ತದ್ದು ಸಾರಿಗಾದರೂ ಆಗುತ್ತಿತ್ತು; ಬದುಕಿರುವ ಸಸಿಯನ್ನು ಸುಮ್ಮನೆ ಎಸೆಯಲು ನಮ್ಮವರಿಗೆ ಕೈ ಬರುವುದಿಲ್ಲ. ಗೊಬ್ಬರದ ವಿಷಯದಲ್ಲಿಯೂ ನಮ್ಮ ಧಾರಾಳ ಇದಕ್ಕೆ ಮಾರಕ. ಮಲ್ಲಿಗೆಯ ಬುಡಕ್ಕೆ ಹಾಕುವಂತೆ ಸಗಣಿ ಗೊಬ್ಬರ ಹಾಕಿದರೆ ಸೊಪ್ಪು ಬೆಳೆದು ಕಾಂಡ ಬಾಗುತ್ತದೆ. ನೀರು ಬಸಿಯುವ ಬಡ ಮಣ್ಣು, ಒಳ್ಳೆಯ ಬಿಸಿಲು ಇದ್ದಲ್ಲಿ ಹೂ ಹೆಚ್ಚು.

ದೇವರಿಗೆ ಏರಿಸಲು, ಮುಡಿಯಲು ಒದಗದ ಹೂವಿಗೆ ಇಷ್ಟು ಶ್ರಮವೇಕೆ ಎಂದು ಊರಿನ ಹಿರಿಯರು ಕೇಳುವುದು ನ್ಯಾಯವೇ. ಆದರೂ ಒಂದು ತೆನೆಯನ್ನು ಹತ್ತಿರದಿಂದ ನೋಡಬೇಕು: ಗುಲಾಬಿ, ನೇರಳೆ, ಕೆಂಪು, ಕೆನೆಬಣ್ಣದ ಪುಟ್ಟ ತುಟಿಗಳು ಬಿಗಿದುಕೊಂಡಿರುತ್ತವೆ, ಕೆಳತುಟಿಯ ಮೇಲೆ ಹಳದಿ ಮಚ್ಚೆ, ಹಿಂದೆ ಮಕರಂದ ತುಂಬಿದ ಚೂಪು ಬಾಲ. ಭಾರದ ದುಂಬಿ ಬಂದು ಕೂತಾಗ ತುಟಿ ತೆರೆಯುತ್ತದೆ, ಅದು ಹಾರಿದೊಡನೆ ಮುಚ್ಚಿಕೊಳ್ಳುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಮಾತ್ರ ಪೊಟ್ಟಣದ ಮೇಲಿನ ಹೆಸರನ್ನು ಪೂರ್ತಿ ಓದಬೇಕು. ಇದೇ ಕುಲದ ಲಿನೇರಿಯ ವಲ್ಗಾರಿಸ್ ಮತ್ತು ಲಿನೇರಿಯ ಡಾಲ್ಮಾಟಿಕಾ ಹಳದಿ ಹೂವಿನ ಬಹುವಾರ್ಷಿಕಗಳು; ಬೇರಿನಿಂದಲೂ ಹಬ್ಬುವ ಇವು ಯುರೋಪಿನಿಂದ ಹೋಗಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ಉಪದ್ರವದ ಕಳೆಗಳಾಗಿವೆ. ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆಯೆಂದು ಬಂಡೀಪುರ ನೋಡಿದವರಿಗೆ ಹೇಳಬೇಕಾಗಿಲ್ಲ.

ಬೆಂಗಳೂರು, ಮೈಸೂರುಗಳಲ್ಲಿ ಇದನ್ನು ಬೆಳೆಯಬಯಸುವವರು ಇಲ್ಲಿನ ಪೊಟ್ಟಣದ ತಿಂಗಳುಗಳನ್ನು ನಂಬಬಾರದು, ಏಕೆಂದರೆ ಸೆಕೆ ಏರಿದೊಡನೆ ಈ ಗಿಡ ಸೊರಗುತ್ತದೆ. ಮಳೆ ಇಳಿಮುಖವಾಗುವ ಅಕ್ಟೋಬರ್ ಕೊನೆಯಲ್ಲಿ, ಮರಳು ಬೆರೆತ ಮಣ್ಣಿನ ಅಗಲವಾದ ಕುಂಡಕ್ಕೆ ನೇರವಾಗಿ ಬಿತ್ತಿ, ಜೋರುಮಳೆ ಬಂದರೆ ಸೂರಿನಡಿಗೆ ಸರಿಸಿಕೊಳ್ಳಬೇಕು. ಮೊದಲ ಹೂ ಬಾಡಿದಾಗ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ, ಚಳಿ ಇನ್ನೂ ಉಳಿದಿದ್ದಲ್ಲಿ, ಮತ್ತೊಮ್ಮೆ ಚಿಗುರಿ ಹೂ ಕೊಡುತ್ತದೆ.