ಸಂಘದ ಜಾಲತಾಣಕ್ಕೆ ಹಳೆಯ ವಿಳಾಸ ಬೇಕೇ?

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಗ್ರಂಥಾಲಯಕ್ಕೆ ಪುಟ್ಟದೊಂದು ಜಾಲತಾಣವಿದೆ. ಅಂತರಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಅಂಕಿಯ ವಿಳಾಸಕ್ಕೆ ಎರಡು ಪದ್ಧತಿಗಳಿವೆ: ಹಳೆಯದು ಐಪಿವಿ4, ಹೊಸದು ಐಪಿವಿ6. ತಾಣವನ್ನಿಟ್ಟ ಕಂಪ್ಯೂಟರಿಗೆ, ಅಂದರೆ ಹೊಸ ಸರ್ವರಿಗೆ, ಐಪಿವಿ4 ವಿಳಾಸವನ್ನೇ ಪಡೆಯದೆ ಐಪಿವಿ6 ಒಂದರಲ್ಲೇ ನಡೆಸಬಹುದೇ?

ಪರ: ಸರ್ವರ್ ನೋಡಿಕೊಳ್ಳುವವರು

ಖಾಲಿಯಾದ ಕಣಜಕ್ಕೆ ಇನ್ನೂ ಬಾಡಿಗೆ ಕಟ್ಟಬೇಕೇ? ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಈಗ ನಡೆಯುತ್ತಿರುವುದು ಇದ್ದವರಿಂದ ಇಲ್ಲದವರು ಕೊಳ್ಳುವ ವ್ಯಾಪಾರ, ಗಿರಗಾಂವಿನ ಚಾಳಿನಲ್ಲಿ ಪಗಡಿ ಎಂಬ ಇಡಿಗಂಟು ಕೊಟ್ಟು ಖೋಲಿ ಹಿಡಿದಂತೆ. ಅಮೆಜಾನಿನ ಕ್ಲೌಡ್ ಸೇವೆ 2024ರ ಫೆಬ್ರುವರಿಯಿಂದ ಇಂಥ ಒಂದೊಂದು ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ವಸೂಲು ಮಾಡುತ್ತಿದೆ. ವರ್ಷಕ್ಕೆ 40 ಡಾಲರ್ ದಾಟುತ್ತದೆ. ಆ ದುಡ್ಡಿಗೆ ಹತ್ತು ಕಾದಂಬರಿ ತರಿಸಬಹುದು.

ಓದುಗರು ಪುಸ್ತಕ ಹುಡುಕುವುದು ಲೋಕಲ್ ರೈಲಿನಲ್ಲಿ ನಿಂತು, ಮೊಬೈಲಿನಲ್ಲಿ. ಮೊಬೈಲ್ ಜಾಲಗಳು ಐಪಿವಿ6ಕ್ಕೆ ಎಂದೋ ಹೊರಳಿವೆ. ಆಪಲ್ ತನ್ನ ಮಳಿಗೆಗೆ ಬರುವ ಆ್ಯಪ್‌ಗಳು ಐಪಿವಿ6 ಮಾತ್ರ ಇರುವ ಜಾಲದಲ್ಲೂ ನಡೆಯಲೇಬೇಕೆಂದು 2016ರಲ್ಲೇ ಕಟ್ಟುನಿಟ್ಟು ಮಾಡಿತು. ಮುಂಬಯಿಯ ಏಳಂಕಿಯ ದೂರವಾಣಿ ಸಂಖ್ಯೆಗಳ ಮುಂದೆ 2 ಸೇರಿಸಿ ಎಂಟಂಕಿ ಮಾಡಿದಾಗಲೂ ಗೊಣಗಿದವರಿದ್ದರು. ಯಾರ ಸಂಪರ್ಕ ಕಡಿಯಿತು?

ವಿರೋಧ: ಗ್ರಂಥಾಲಯದ ಫೋನ್ ಎತ್ತುವವರು

ದೂರವಾಣಿಯ ಹೋಲಿಕೆ ಕಿವಿಗೆ ಇಂಪು, ಅಷ್ಟೇ. ಅಲ್ಲಿ ಒಂದು ಸಂಸ್ಥೆ ಹೇಳಿತು, ಊರಿಗೆ ಊರೇ ಬದಲಾಯಿತು. ಇಲ್ಲಿ ಹೇಳುವವರು ಯಾರೂ ಇಲ್ಲ. ಐಪಿವಿ4 ಮಾತ್ರ ಬಲ್ಲ ಯಂತ್ರಕ್ಕೂ ಐಪಿವಿ6 ಮಾತ್ರ ಬಲ್ಲ ಯಂತ್ರಕ್ಕೂ ನೇರ ಮಾತುಕತೆಯೇ ಇಲ್ಲ, ನಡುವೆ ದುಭಾಷಿ ಬೇಕು. ಹೊಸ ಜಾಲದ ಮೊಬೈಲಿಗೆ ಹಳೆಯ ತಾಣ ತೋರಿಸುವ ದುಭಾಷಿಯನ್ನು ಮೊಬೈಲ್ ಕಂಪನಿಯೇ ಇಟ್ಟಿರುತ್ತದೆ. ಅದರ ಹೆಸರು ನ್ಯಾಟ್64. ಹಳೆಯ ಜಾಲದಲ್ಲಿ ಕುಳಿತವರಿಗೆ ನಮ್ಮ ಹೊಸ ತಾಣ ತೋರಿಸಲು ಯಾರು ಖರ್ಚು ಮಾಡುತ್ತಾರೆ?

ತಾಣವನ್ನು ಐಪಿವಿ6 ಒಂದರಲ್ಲೇ ನಡೆಸಿ ಹದಿನೈದು ದಿನ ಪರೀಕ್ಷಿಸಿದೆವು. ಎರಡನೆಯ ದಿನವೇ ಅಂಧೇರಿಯ ಕಚೇರಿಯಿಂದ ಸದಸ್ಯೆಯೊಬ್ಬರ ಕರೆ: “ತಾಣ ಮುಚ್ಚಿಬಿಟ್ಟಿರಾ?” ಸಂಜೆ ಘಾಟ್ಕೋಪರ್ ದಾಟುವಾಗ ಮೊಬೈಲಿನಲ್ಲಿ ತೆರೆದರೆ ಎಲ್ಲ ಸರಿ. ಮರುದಿನ ಕಚೇರಿಯಲ್ಲಿ ಮತ್ತೆ ಬಿಳಿ ಪರದೆ. ಕಚೇರಿಯ ಜಾಲದಲ್ಲಿ ಐಪಿವಿ6 ಇರಲಿಲ್ಲ, ಅದನ್ನು ಹೇಳುವ ಸಂದೇಶವೂ ಪರದೆಯ ಮೇಲೆ ಬರಲಿಲ್ಲ. ನಾನು ಫೋನಿನಲ್ಲಿ ಪ್ರೋಟೊಕಾಲ್ ವಿವರಿಸುತ್ತ ಕುಳಿತೆ. ಅವರಿಗೆ ಬೇಕಿದ್ದದ್ದು ಒಂದು ಯಕ್ಷಗಾನ ಪ್ರಸಂಗ.

ಒಳಬರುವವರದು ಒಂದು ಗೋಳಾದರೆ ಸರ್ವರ್ ಹೊರಹೋಗುವುದು ಇನ್ನೊಂದು. ತಂತ್ರಾಂಶ ಇಳಿಸಿಕೊಳ್ಳುವ ತಾಣಕ್ಕೆ ಹಳೆಯ ವಿಳಾಸ ಮಾತ್ರ ಇತ್ತು, ಹಾಗಾಗಿ ನವೀಕರಣ ನಿಂತಿತು. ‘ಪುಸ್ತಕ ಹಿಂದಿರುಗಿಸಿ’ ಎಂದು ಹೋಗಬೇಕಿದ್ದ ಮಿಂಚಂಚೆ, ಸದಸ್ಯರೊಬ್ಬರ ಕಂಪನಿಯ ಅಂಚೆ ಸರ್ವರ್ ಐಪಿವಿ4ರಲ್ಲೇ ಇದ್ದುದರಿಂದ, ಐದು ದಿನ ಸರದಿಯಲ್ಲಿ ಕೊಳೆತು ನಮಗೇ ಮರಳಿತು.

ನಮ್ಮ ಸರ್ವರಿನ ಎದುರಿಗೆ ಸಿಡಿಎನ್ ಎಂಬ ಮಧ್ಯವರ್ತಿ ಸರ್ವರುಗಳ ಜಾಲವನ್ನು ಇಟ್ಟರೆ ಎರಡೂ ಕಡೆಯವರು ಒಳಗೆ ಬರುತ್ತಾರೆ ಎನ್ನುತ್ತಾರೆ. ನಿಜ. ಆದರೆ ಅದು ಹಳೆಯ ವಿಳಾಸ ಬಿಟ್ಟಂತಲ್ಲ, ಪಕ್ಕದವರ ಹೆಸರಿನಲ್ಲಿ ಇಟ್ಟುಕೊಂಡಂತೆ. ಮಿಂಚಂಚೆಗೆ ಅದರಿಂದ ಏನೂ ಉಪಯೋಗವಿಲ್ಲ.

ಹದಿನಾರನೆಯ ದಿನ ಐಪಿವಿ4 ವಿಳಾಸವನ್ನು ಬಾಡಿಗೆಗೆ ಹಿಡಿದೆವು. ಅಂಚೆ ತಲುಪದ ಸದಸ್ಯರ ಮೂವತ್ತು ರೂಪಾಯಿ ದಂಡ ಮನ್ನಾ ಮಾಡಿದ್ದೇವೆ. ಪುಸ್ತಕ ಮಾತ್ರ ಇನ್ನೂ ಬಂದಿಲ್ಲ.