ದಕ್ಷಿಣಕ್ಕೆ ಆರು ಡಿಗ್ರಿ ಕಮ್ಮಿ

ಗೇಟಿಗೆ ‘ಮನೆ ಮಾರಾಟಕ್ಕಿದೆ’ ಬೋರ್ಡು ಕಟ್ಟಿದ ದಿನವೇ ಭಾನುವಾರ ಕೈಬಿಟ್ಟು ಹೋಯಿತು ಅಂತ ಲೆಕ್ಕ. ಇಡ್ಲಿಗೆ ಚಟ್ನಿ ಬಡಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಗೇಟಿನ ಚಿಲಕ ಸದ್ದು ಮಾಡುತ್ತದೆ. ‘ಮನೆ ನೋಡಬಹುದಾ ಸಾರ್?’ ಅಂತಲೇ ಒಳಗೆ ಬರುತ್ತಾರೆ, ಆದರೆ ಮನೆ ನೋಡುವುದಿಲ್ಲ. ಫೋನ್ ನೋಡುತ್ತಾರೆ. ಅಂಗೈ ಮೇಲೆ ಅಡ್ಡ ಮಲಗಿಸಿದ ಫೋನು, ಅದರೊಳಗೆ ಗಿರಗಿರ ತಿರುಗುವ ದಿಕ್ಸೂಚಿಯ ಮುಳ್ಳು.

ಬೆಂಗಳೂರಿನಲ್ಲಿ ದಕ್ಷಿಣ ದಿಕ್ಕಿನ 30×40 ಮನೆ ಮಾರುವವರ ಪಾಡು ಇದು. ದಕ್ಷಿಣಕ್ಕೆ ಮುಖ ಮಾಡಿದ ಮನೆ ವಾಸ್ತುವಿಗೆ ಆಗಿಬರುವುದಿಲ್ಲ ಅನ್ನುವ ನಂಬಿಕೆ ನೋಡಿ. ಮಾರ್ಕೆಟ್ ಬಿಸಿಯಿದ್ದಾಗ ದಕ್ಷಿಣದ ಮನೆಯೂ ಹೋಗುತ್ತದೆ, ಮಾರ್ಕೆಟ್ ಮಲಗಿದಾಗ ಪೂರ್ವದ ಮನೆಯೂ ನಿಲ್ಲುತ್ತದೆ. ಮಲಗಿದ ಮಾರ್ಕೆಟ್ಟಿನಲ್ಲಿ ದಕ್ಷಿಣದ ಮನೆ ಅಂದರೆ ದಿಕ್ಸೂಚಿಯವರಿಗೆ ಹಬ್ಬ.

ಅವರ ಕಾರ್ಯಕ್ರಮ ಶುರುವಾಗುವುದೇ ಗೇಟಿನ ಪಕ್ಕ. ಕಬ್ಬಿಣದ ಗೇಟು! ಫೋನಿನ ದಿಕ್ಸೂಚಿ ಹಿಡಿಯಬೇಕಾದ ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ, ಅಂದರೆ ಬಹಳ ಕ್ಷೀಣ. ಗೇಟು, ಮೋಲ್ಡಿನೊಳಗಿನ ಸರಳು, ನಿಲ್ಲಿಸಿದ ಕಾರು, ಫ್ರಿಜ್ಜು, ಕೊನೆಗೆ ಫೋನಿನ ಕವರಿಗೆ ಅಂಟಿಸಿರುವ ಪುಟ್ಟ ಮ್ಯಾಗ್ನೆಟ್ಟು, ಯಾವುದು ಹತ್ತಿರವಿದ್ದರೂ ಮುಳ್ಳು ಆ ಕಡೆ ವಾಲುತ್ತದೆ. ನೇರ ದಕ್ಷಿಣ ಅಂದರೆ 180 ಡಿಗ್ರಿ. ಗೇಟಿನ ಹತ್ತಿರ 142 ತೋರಿಸುತ್ತದೆ. ‘ಇದು ಆಗ್ನೇಯ ಸಾರ್, ದಕ್ಷಿಣ ಅಲ್ಲವೇ ಅಲ್ಲ.’ ಎರಡು ಹೆಜ್ಜೆ ಒಳಗೆ ಬಂದರೆ 181. ಕಾರಿನ ಬಾನೆಟ್ ಮೇಲಿಟ್ಟರೆ 205. ಆಗ ಹೆಂಡತಿಯ ಫೋನು ಹೊರಗೆ ಬರುತ್ತದೆ, ಅದು 168 ಅನ್ನುತ್ತದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸುತ್ತಾರೆ! ಬಂತು 174. ದಕ್ಷಿಣಕ್ಕೆ ಆರು ಡಿಗ್ರಿ ಕಮ್ಮಿ. ‘ಹಾಗಾದ್ರೆ ರೇಟಲ್ಲಿ ಎಷ್ಟು ಕಮ್ಮಿ ಮಾಡ್ತೀರಾ?’

ಡಿಗ್ರಿಗೆ ಇಷ್ಟು ಅಂತ ರೇಟು ಬರೆದು ಗೋಡೆಗೆ ಅಂಟಿಸಿಬಿಡೋಣ ಅನ್ನಿಸುತ್ತದೆ. ಅದರ ಬದಲು ಮಾಡಬೇಕಾದ್ದು ಇಷ್ಟು: ಕ್ರಯಪತ್ರದ ಷೆಡ್ಯೂಲಿನ ಚಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಎಲ್ಲೆಯ ವಿವರ, ತೆರೆದಿಡಿ. ‘ದಕ್ಷಿಣಕ್ಕೆ ರಸ್ತೆ’ ಅಂತ ಅಲ್ಲಿ ಬರೆದಾಗಿದೆ, ರಿಜಿಸ್ಟ್ರಾರ್ ಸೀಲು ಬಿದ್ದಾಗಿದೆ. ಅಷ್ಟಕ್ಕೂ ಸಮಾಧಾನ ಆಗದಿದ್ದರೆ ಕಬ್ಬಿಣದಿಂದ ದೂರ, ಮೋರಿಯಾಚೆ ರಸ್ತೆ ಮಧ್ಯಕ್ಕೆ ಕರೆದೊಯ್ದು, ಕವರ್ ಬಿಚ್ಚಿಸಿ, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಹಾಗೆ ಆಡಿಸಲು ಹೇಳಿ. ಆಗ ಮುಳ್ಳು ಹದಕ್ಕೆ ಬರುತ್ತದೆ. ಬಡಾವಣೆಗಳ ಎಷ್ಟೋ ರಸ್ತೆಗಳು ನೇರ ಉತ್ತರ-ದಕ್ಷಿಣಕ್ಕೆ ಇರುವುದೇ ಇಲ್ಲ, ನೆಲದ ಇಳಿಜಾರು ನೋಡಿ ಎಳೆದವು. ಐದ್ಹತ್ತು ಡಿಗ್ರಿ ಆಚೀಚೆ ಎಲ್ಲರ ಮನೆಯಲ್ಲೂ ಉಂಟು. ಇನ್ನೂ ಒಂದಿದೆ. ದಕ್ಷಿಣದ ಗೋಡೆಯನ್ನು ಆಗ್ನೇಯ ಮೂಲೆಯಿಂದ ಎಂಟು ಭಾಗ ಮಾಡಿದರೆ ನಾಲ್ಕನೆಯ ಭಾಗದ ಹೆಸರು ಗೃಹಕ್ಷತ, ಅಲ್ಲಿ ಬಾಗಿಲಿದ್ದರೆ ಶುಭ ಅನ್ನುವುದು ವಾಸ್ತುವಿನವರದ್ದೇ ಮಾತು. ನಿಮ್ಮ ಬಾಗಿಲು ಅಲ್ಲೇ ಇದೆಯಾ ಅಂತ ಟೇಪು ಹಿಡಿದು ನೋಡಿಟ್ಟುಕೊಳ್ಳಿ. ನಂಬಿಕೆಗೆ ನಂಬಿಕೆಯಿಂದಲೇ ಉತ್ತರ ಕೊಡಬೇಕು, ಕಾಂತಶಾಸ್ತ್ರದಿಂದ ಅಲ್ಲ.

ನಿಜಕ್ಕೂ ಸಿಟ್ಟು ಬರುವುದು ದಿಕ್ಕಿನ ವಿಷಯಕ್ಕಲ್ಲ. ಅರ್ಧ ಗಂಟೆ ಮುಳ್ಳು ತಿರುಗಿಸಿದ ಮನುಷ್ಯ ‘ಇಸಿ ಇದೆಯಾ, ಇ-ಖಾತಾ ಆಗಿದೆಯಾ’ ಅಂತ ಒಂದು ಮಾತು ಕೇಳುವುದಿಲ್ಲ. ಇಸಿ ಅಂದರೆ ಆಸ್ತಿಯ ಮೇಲಿನ ಸಾಲ, ಹಿಂದಿನ ಮಾರಾಟ ತೋರಿಸುವ ಋಣಭಾರ ಪತ್ರ, ಇ-ಖಾತಾ ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ. ಮಾರಾಟ ನಿಲ್ಲುವುದು ಅಲ್ಲೇ. 2024ರ ಕೊನೆಯಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದರೂ ಆ ಮಾತು ಬದಲಾಗಿಲ್ಲ. ಕಂದಾಯದ ಅರ್ಜಿ ಸಂಖ್ಯೆ, ಕ್ರಯಪತ್ರ, ಬೆಸ್ಕಾಂ ಖಾತೆ ಸಂಖ್ಯೆ, ಆಧಾರ್ ಎಲ್ಲ ಹೊಂದಿಸಿಕೊಂಡು ಕೂತರೆ ಕಂಪ್ಯೂಟರು ಹೆಸರಿನ ಹತ್ತಿರ ನಿಲ್ಲುತ್ತದೆ. ಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಇರುವ ಇನಿಷಿಯಲ್ಲು ಆಧಾರಿನಲ್ಲಿ ಹಿಂದೆ ಕೂತಿರುತ್ತದೆ. ಒಂದು ಕಡೆ ‘ಯ್ಯ’, ಇನ್ನೊಂದು ಕಡೆ ಅದು ಮಾಯ. ಇದನ್ನು ಗಿರಾಕಿ ಸಿಗುವ ಮೊದಲೇ ಸರಿಮಾಡಿಸಿ. ಗಿರಾಕಿ ಸಿಕ್ಕ ಮೇಲೆ ಶುರು ಮಾಡಿದರೆ ಅವನು ಕಾಯುವುದಿಲ್ಲ.

ಇಸಿಯೂ ಅಷ್ಟೇ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಬ್ಯಾಂಕಿನ ವಕೀಲರು ಕೇಳುವುದು 30 ವರ್ಷದ್ದು. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಪಿತ್ರಾರ್ಜಿತವಾದರೆ ವಂಶವೃಕ್ಷ ಬೇಕು, ಅಕ್ಕತಂಗಿಯರ ಸಹಿ ಬೇಕು. ಒಬ್ಬ ತಮ್ಮ ನ್ಯೂಜೆರ್ಸಿಯಲ್ಲಿದ್ದರೆ ಅವನ ಪವರ್ ಆಫ್ ಅಟಾರ್ನಿ ಅಲ್ಲಿಂದ ದೃಢೀಕರಣವಾಗಿ ಬರಬೇಕು, ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಅವನ ಪಾಲಿನ ಹಣಕ್ಕೆ ಟಿಡಿಎಸ್ (ಕೊಳ್ಳುವವರು ಮೊದಲೇ ಹಿಡಿದು ಕಟ್ಟುವ ತೆರಿಗೆ) ಕೂಡ ನಿಮ್ಮ ಹಾಗೆ 1% ಅಲ್ಲ, ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಕೊಳ್ಳುವವರು ಇದನ್ನು ಕೇಳಿದ ಕೂಡಲೇ ಮತ್ತೆ ವಾಸ್ತು ನೆನಪು ಮಾಡಿಕೊಳ್ಳುತ್ತಾರೆ.

ಬೋರ್ಡಿನ ಕೆಳಗೆ ‘ಬ್ರೋಕರ್‌ಗಳು ಕ್ಷಮಿಸಿ’ ಅಂತ ಬರೆಸಿರುತ್ತೀರಿ. ಮೊದಲ ಫೋನು ಅವರದೇ. ಕ್ಷಮಿಸಿಯೇ ಮಾತಾಡುತ್ತಾರೆ. ಹತ್ತು ಜನಕ್ಕೆ ಕೊಟ್ಟರೆ ಒಂದೇ ಮನೆ, ಒಂದೇ ಫೋಟೋ, 1.20, 1.28, 1.35 ಕೋಟಿ ಅಂತ ಮೂರು ರೇಟಿನಲ್ಲಿ ಓಡಾಡುತ್ತದೆ. ನೋಡಿದವರಿಗೆ ಏನೋ ಐಬಿದೆ ಅನ್ನಿಸುವುದು ಸಹಜ. ಒಬ್ಬರಿಗೋ ಇಬ್ಬರಿಗೋ ಕೊಡಿ, ರೇಟು ಒಂದೇ ಹೇಳಿ. ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರ ಜೊತೆ ಮೊದಲು ಮಾತಾಡಿ. ಇಲ್ಲದಿದ್ದರೆ ಬಂದವರಿಗೆಲ್ಲ ‘ನೀರೇ ಬರಲ್ಲ ಸಾರ್’ ಅನ್ನುವ ಸ್ವಾಗತ ಭಾಷಣ ಉಚಿತ.

ಬಣ್ಣ ಹೊಡೆಸುವ ಆತುರ ಬೇಡ. ತೇವ ಹಿಡಿದ ಗೋಡೆಗೆ ಬಣ್ಣ ಬಳಿದರೆ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ತಿಳಿದವರು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿಯೇ ಹೇಳುತ್ತಾರೆ. ತಾರಸಿಯ ಬಿರುಕು, ಪ್ಯಾರಾಪೆಟ್ ಬುಡ, ಮಳೆನೀರಿನ ಪೈಪಿನ ಬಾಯಿ, ಮೊದಲು ಇವು ಮೂರು. ಹಣ ಉಳಿದರೆ ಆಮೇಲೆ ಬಣ್ಣ.

ಅಷ್ಟು ಮಾಡಿದರೂ ಮೂವತ್ತು ವರ್ಷದ ಮನೆಗೆ ಸಿಗುವ ಬೆಲೆ ಸೊನ್ನೆ. ‘ಸೈಟಿನ ರೇಟು ಹೇಳಿ ಸಾರ್, ಬಿಲ್ಡಿಂಗ್ ಹೇಗೂ ಒಡೆಯೋದೇ.’ ರೆಡ್ ಆಕ್ಸೈಡ್ ನೆಲ ಅದು. ಗಾರೆ ಹಾಸಿ, ಪುಡಿ ಕಲಸಿ, ಕರಣೆಯಿಂದ ಉಜ್ಜಿ ಉಜ್ಜಿ, ನೀರು ನಿಲ್ಲಿಸಿ ಒಣಗದ ಹಾಗೆ ಕಾದ ನೆಲ. ಅಜ್ಜಿ ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮುಖ ಕಾಣುವ ಹಾಗೆ ಮಾಡಿಟ್ಟದ್ದು. ಅದರ ಮೇಲೆ ಶೂ ಹಾಕಿಕೊಂಡೇ ನಿಂತು ಮಾತಾಡುತ್ತಾರೆ. ಮನೆಗೆ ಬೆಲೆ ಇಲ್ಲ, ಆದರೆ ಒಡೆಯುವ ಗುತ್ತಿಗೆದಾರ ಮಾತ್ರ ತೇಗದ ಬಾಗಿಲು ಕಿಟಕಿಗೆ ಎಷ್ಟು ಕೊಡುತ್ತೇನೆ ಅಂತ ನಿಂತಲ್ಲೇ ಹೇಳಿಬಿಡುತ್ತಾನೆ.

ಇನ್ನು ‘ಮನೇಲಿ ಮಾತಾಡಿ ಹೇಳ್ತೀವಿ’ ಅನ್ನುವವರ ಲೆಕ್ಕ ನೋಡಿ. 1 ಕೋಟಿ 20 ಲಕ್ಷದ ಮನೆ. ಸಾಲ 75 ಲಕ್ಷ ದಾಟಿದರೆ ಬ್ಯಾಂಕು ಕೊಡುವುದು ಮೌಲ್ಯದ 75% ಮಾತ್ರ. ಮೌಲ್ಯ ಅಂದರೆ ನೀವು ಹೇಳಿದ್ದಲ್ಲ, ಬ್ಯಾಂಕಿನವರು ಹೇಳಿದ್ದು. ಅವರು 1 ಕೋಟಿ 5 ಲಕ್ಷ ಅಂದರೆ ಸಾಲ 78.75 ಲಕ್ಷಕ್ಕೆ ನಿಂತಿತು. ಮುದ್ರಾಂಕ ಶುಲ್ಕ ಸೆಸ್ಸು ಸೇರಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2%, ಒಟ್ಟು 9 ಲಕ್ಷದ ಮೇಲೆ. ಕೊಳ್ಳುವವನು ಕೈಯಿಂದ 50 ಲಕ್ಷ ತೆಗೆಯಬೇಕು. ಇಲ್ಲ ಅಂತ ಹೇಳಲು ಯಾರಿಗೆ ಮನಸ್ಸು ಬರುತ್ತದೆ? ‘ದಿಕ್ಕು ಹೊಂದಲಿಲ್ಲ ಸಾರ್’ ಅಂದರೆ ಮರ್ಯಾದೆಗೆ ಮರ್ಯಾದೆ ಉಳಿಯಿತು. ಹಾಗಾಗಿ ಬಂದವರಲ್ಲಿ ಮೊದಲು ಕೇಳಬೇಕಾದ್ದು ‘ಲೋನ್ ಸ್ಯಾಂಕ್ಷನ್ ಆಗಿದೆಯಾ’ ಅಂತ, ‘ಕಾಫಿ ಕುಡೀತೀರಾ’ ಅಂತ ಅಲ್ಲ.

ಗಿರಾಕಿ ಗಟ್ಟಿಯಾದ ಮೇಲೂ ಪಂಚಾಂಗ ಉಂಟು. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರರಲ್ಲೂ ವ್ಯಾಪಾರ ಸ್ತಬ್ಧ. ಐದು ಸಾವಿರ ಟೋಕನ್ ಕೊಟ್ಟು ಮೂರು ತಿಂಗಳು ಕಟ್ಟಿಹಾಕುವವರಿಗೆ ಒಪ್ಪಬೇಡಿ. ಹತ್ತು ಪರ್ಸೆಂಟ್ ಮುಂಗಡ, ಕರಾರುಪತ್ರ, ಅದರಲ್ಲಿ ಗಡುವು ಮತ್ತು ತಪ್ಪಿದರೆ ಏನು ಅನ್ನುವುದು, ಇಷ್ಟಿಲ್ಲದೆ ಬೋರ್ಡು ಇಳಿಸಬೇಡಿ. ನಗದಿನ ಆಸೆಯೂ ಬೇಡ. 20,000 ಮುಟ್ಟಿದರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಎಲ್ಲ ಬ್ಯಾಂಕಿನ ಮೂಲಕವೇ ಆಗಲಿ. ಆರ್‌ಟಿಜಿಎಸ್ ಈಗ ದಿನದ 24 ಗಂಟೆಯೂ ಇದೆ, ಭಾನುವಾರವೂ ಇದೆ. ಆದರೆ ಅವರು ಕಳಿಸುವುದು ಆರು ಗಂಟೆಯ ಮೇಲೆ. ಭಾನುವಾರ ನಾಲ್ಕೂವರೆಯಿಂದ ರಾಹುಕಾಲ.